ಬಾಡಿಗೆ, ಭೋಗ್ಯ, ಇಎಂಐ: ದಾಸರಹಳ್ಳಿ ಸುತ್ತಮುತ್ತ ಹನ್ನೊಂದು ವರ್ಷ

ಹೋದ ಭಾನುವಾರ ತಂಗಿ ಫೋನ್ ಮಾಡಿದ್ದಳು. ಮದುವೆಯಾಗಿ ಮೂರು ತಿಂಗಳು, ಗಂಡನಿಗೆ ಪೀಣ್ಯದಲ್ಲಿ ಕೆಲಸ. "ಅಕ್ಕ, ಎರಡು ಬೆಡ್‌ರೂಮಿನ ಮನೆ ನೋಡಿದೀವಿ. ಬಾಡಿಗೆ ಅಂದ್ರೆ ಹದಿನೆಂಟು ಸಾವಿರ, ಲೀಸ್ ಅಂದ್ರೆ ಹನ್ನೊಂದು ಲಕ್ಷ. ಯಾವುದು ವಾಸಿ? ಇವರ ಫ್ರೆಂಡು ಎರಡೂ ಬೇಡ, ಲೋನ್ ಮಾಡಿ ತಗೊಂಡ್ಬಿಡಿ ಅಂತಾರೆ." ಈ ಮೂರನ್ನೂ ನಾನು ಮೈಮೇಲೆ ಎಳೆದುಕೊಂಡು ನೋಡಿದವಳು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅಂತ ಬರೆಯಲು ಕೂತಿದ್ದೇನೆ. ನಾನು ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವಳಾದ್ದರಿಂದ ಅಂಕಿ ಜಾಸ್ತಿ ಬಂದರೆ ಬೇಸರ ಬೇಡ.

ಮೊದಲು ಬಾಡಿಗೆ. 2014ರ ಕೊನೆಯಲ್ಲಿ ಟಿ. ದಾಸರಹಳ್ಳಿಯಲ್ಲಿ ಮೊದಲನೇ ಮಹಡಿಯ ಒಂದು ಬೆಡ್‌ರೂಮಿನ ಮನೆ ಹಿಡಿದೆವು. ಬಾಡಿಗೆ 8,500, ಅಡ್ವಾನ್ಸ್ 85,000, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಈ ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ರೂಢಿಯೇ ಹೊರತು ಕಾನೂನಲ್ಲ. ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜಾರಿ. ಕರಾರು ಹನ್ನೊಂದು ತಿಂಗಳಿನದು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದಲ್ಲ, ಅದಕ್ಕೆ. ಕರಾರಿನಲ್ಲಿ ಬಾಡಿಗೆ 8,300 ಅಂತ ಬರೆಸಿದರು ಓನರ್ ಅಂಕಲ್. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಬಾಡಿಗೆಯ ತೆರಿಗೆ ವಿನಾಯಿತಿಗೆ ನಾನು ಆಫೀಸಿಗೆ ಅವರ ಪ್ಯಾನ್ ನಂಬರ್ ಕೊಡಬೇಕಿತ್ತು. ಹನ್ನೆರಡರಿಂದ ಗುಣಿಸಿ ನೋಡಿ, ಅಂಕಲ್ ನನಗಿಂತ ಒಳ್ಳೆಯ ಲೆಕ್ಕಿಗರು.

ದುಡ್ಡಿನ ಮಟ್ಟಿಗೆ ಆ ಮೂರು ವರ್ಷ ಹಗುರವಾಗಿತ್ತು. ಕಾರ್ಖಾನೆಗೆ ನಡೆದೇ ಹೋಗುತ್ತಿದ್ದೆ. 2015ರ ಮೇ ತಿಂಗಳಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂದ ಮೇಲೆ ನಮ್ಮ ಯಜಮಾನರಿಗೂ ಬಸ್ಸಿನ ರಗಳೆ ತಪ್ಪಿತು. ನಾನು ಕೆಲಸ ಬದಲಾಯಿಸಿದ್ದೂ ಆಗಲೇ. ಸಂಬಳ ನಾಲ್ಕು ಸಾವಿರ ಹೆಚ್ಚು ಸಿಗುತ್ತದೆ ಅಂದಾಗ ಎರಡನೇ ಯೋಚನೆ ಮಾಡಲಿಲ್ಲ. ಅಂಥ ಧೈರ್ಯ ಆಮೇಲೆ ನನಗೆ ಬಂದೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಭಾರವಾಗಿದ್ದದ್ದು ಬೇರೆ. ಮನೆ ನೋಡಲು ಹೋದ ಕಡೆಯೆಲ್ಲ ಮೊದಲ ಪ್ರಶ್ನೆ "ನೀವು ಯಾವ ಜನ?" ಎರಡನೆಯದು "ವೆಜ್ಜಾ?" ಮನೆ ಸಿಕ್ಕ ಮೇಲೆ ಪ್ರಶ್ನೆಗಳು ಬೇರೆಯಾದವು. ಅತ್ತೆ ತಿಪಟೂರಿನಿಂದ ಬಂದು ಒಂದು ವಾರ ಕಳೆದರೆ ಕೆಳಗಿನಿಂದ ಆಂಟಿ, "ಇನ್ನೂ ಎಷ್ಟು ದಿನ ಇರ್ತಾರೆ? ನೀರು ಖರ್ಚಾಗುತ್ತೆ ನೋಡಿ" ಎನ್ನುವರು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹೀಗಾಗಿ ಮದುವೆ ಫೋಟೋ ಮೂರು ವರ್ಷ ಬೀರುವಿನ ಮೇಲೆ ಗೋಡೆಗೊರಗಿ ನಿಂತಿತ್ತು. ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆದರೆ ಮಿಕ್ಕ ಅಡ್ವಾನ್ಸನ್ನು ಅದೇ ದಿನ ಕೈಗಿಟ್ಟರು. ಅದರ ಬೆಲೆ ಆಗ ಗೊತ್ತಿರಲಿಲ್ಲ.

ಎರಡನೆಯದು ಭೋಗ್ಯ. ಊರಿನವರು ಭೋಗ್ಯ ಅಂತಾರೆ, ಬೆಂಗಳೂರಿನಲ್ಲಿ ಲೀಸ್ ಅಂತಾರೆ. ದೊಡ್ಡ ಮೊತ್ತ ಒಟ್ಟಿಗೆ ಕೊಡುವುದು, ಬಾಡಿಗೆ ಇಲ್ಲದೆ ಇರುವುದು, ಅವಧಿ ಮುಗಿದಾಗ ಅಷ್ಟೂ ದುಡ್ಡು ಬಡ್ಡಿಯಿಲ್ಲದೆ ವಾಪಸ್ಸು. 2018ರ ಜನವರಿಯಲ್ಲಿ ಬಾಗಲಗುಂಟೆ ಕಡೆ ಎರಡು ಬೆಡ್‌ರೂಮಿನ ಮನೆ, ಮೂರು ವರ್ಷಕ್ಕೆ ಎಂಟು ಲಕ್ಷ. ಐದು ಲಕ್ಷ ನಮ್ಮ ಉಳಿತಾಯ, ಮೂರು ಲಕ್ಷ ನನ್ನ ಒಡವೆ ಅಡವಿಟ್ಟು ತಂದದ್ದು. ಐದು ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಏಳು ಪರ್ಸೆಂಟಿನಂತೆ ತಿಂಗಳಿಗೆ 2,900 ಬರುತ್ತಿತ್ತು. ಒಡವೆ ಸಾಲಕ್ಕೆ ಹನ್ನೆರಡರಂತೆ 3,000 ಬಡ್ಡಿ. ಎರಡೂ ಸೇರಿ ಸುಮಾರು 5,900. ಪಕ್ಕದ ಅಂಥದ್ದೇ ಮನೆಗೆ ಬಾಡಿಗೆ 12,000. ಅಂದರೆ ಅರ್ಧ ಬೆಲೆಗೆ ದೊಡ್ಡ ಮನೆ! ಆಫೀಸಿನಲ್ಲಿ ಈ ಲೆಕ್ಕವನ್ನು ಎಷ್ಟು ಜನರಿಗೆ ತೋರಿಸಿದೆನೋ.

ಮಾವ ಮಾತ್ರ ಒಪ್ಪಿರಲಿಲ್ಲ. "ತೋಟ ಭೋಗ್ಯಕ್ಕೆ ಹಾಕಿದೋನು ಬಿಡಿಸ್ಕೊಂಡಿದ್ದು ನಾನಂತೂ ಕಂಡಿಲ್ಲಮ್ಮ" ಅಂದರು. ನಾವು ಹಾಕುತ್ತಿರುವವರಲ್ಲ, ಹಾಕಿಸಿಕೊಳ್ಳುತ್ತಿರುವವರು ಅಂತ ನಕ್ಕಿದ್ದೆ. ಅವರು ಹೇಳಿದ್ದರ ಅರ್ಥ ಆಮೇಲೆ ಹೊಳೆಯಿತು. ಭೋಗ್ಯಕ್ಕೆ ಕೊಡುವವನಿಗೆ ದುಡ್ಡಿನ ತುರ್ತು ಇರುತ್ತದೆ. ಮೇಲೊಂದು ಮಹಡಿ ಎಬ್ಬಿಸಲೋ, ಮಗಳ ಮದುವೆಗೋ, ಹಳೇ ಸಾಲ ತೀರಿಸಲೋ ಖರ್ಚು ಮಾಡಿಬಿಡುತ್ತಾನೆ. ನಿಮ್ಮ ಎಂಟು ಲಕ್ಷ ವಾಪಸ್ ಬರುವುದು ಅವನ ಜೇಬಿನಿಂದಲ್ಲ, ಮುಂದೆ ಭೋಗ್ಯಕ್ಕೆ ಬರುವವರ ಜೇಬಿನಿಂದ.

ಎರಡನೇ ವರ್ಷ ಗೇಟಿಗೆ ಒಂದು ನೋಟಿಸ್ ಅಂಟಿಸಿದರು. ಓನರ್ ಆ ಕಟ್ಟಡದ ಮೇಲೆ ಸಾಲ ಎತ್ತಿದ್ದರು, ಕಂತು ಕಟ್ಟಿರಲಿಲ್ಲ. ಬ್ಯಾಂಕುಗಳ ಸಾಲ ವಸೂಲಿಯ 2002ರ ಸರ್ಫೇಸಿ ಕಾಯ್ದೆಯಡಿ ಅರವತ್ತು ದಿನದೊಳಗೆ ಬಾಕಿ ಕಟ್ಟದಿದ್ದರೆ ಸಾಲ ಕೊಟ್ಟವರು ಕಟ್ಟಡ ವಶಕ್ಕೆ ತೆಗೆದುಕೊಳ್ಳಬಹುದು, ಕೋರ್ಟಿಗೆ ದಾವೆ ಹಾಕಬೇಕಿಲ್ಲ. ಪರಿಚಯದ ವಕೀಲರ ಹತ್ತಿರ ಓಡಿದೆವು. ಅವರು ನಮ್ಮ ಬಾಂಡ್ ಪೇಪರ್ ತಿರುಗಿಸಿ ನೋಡಿ, "ಇದು ಹೆಸರಿಗೆ ಲೀಸು. ಕಾನೂನಿನ ಕಣ್ಣಲ್ಲಿ ಇದು ಸ್ವಾಧೀನ ಸಹಿತ ಅಡಮಾನ. ರಿಜಿಸ್ಟರ್ ಆಗದಿದ್ದರೆ ನಿಮ್ಮ ಕೈಲಿರೋದು ಒಂದು ರಸೀದಿ ಅಷ್ಟೇ" ಅಂದರು. ಆಮೇಲೆ, "ಮನೆಗೆ ಹೋಗೋ ಮುಂಚೆ ಇಸಿ ತೆಗೆಸಿದ್ರಾ?" ಅಂತ ಕೇಳಿದರು. ಇಸಿ ಅಂದರೆ ಆಸ್ತಿಯ ಮೇಲೆ ಸಾಲವಿದೆಯೇ ಅಂತ ತೋರಿಸುವ ಋಣಭಾರ ಪತ್ರ. ಊರಲ್ಲಿ ಒಂದು ಗುಂಟೆ ಜಾಗ ಕೊಳ್ಳಲೂ ಅದನ್ನು ತೆಗೆಸುವವರು ನಾವು. ಎಂಟು ಲಕ್ಷ ಕೊಡುವಾಗ ಹೊಳೆದಿರಲಿಲ್ಲ.

ಓನರ್ ಹೇಗೋ ಆ ಕಂತು ಕಟ್ಟಿದರು. ಆದರೆ ಅಂದಿನಿಂದ ಗೇಟು ಸದ್ದಾದರೆ ನನಗೆ ಎಚ್ಚರ. 2020ರ ಡಿಸೆಂಬರಿಗೆ ಅವಧಿ ಮುಗಿಯಿತು, ದುಡ್ಡು ಬರಲಿಲ್ಲ. ಕೊರೋನಾ, ಹೊಸಬರು ಯಾರೂ ಬರುತ್ತಿಲ್ಲ, ಇನ್ನೊಂದೆರಡು ತಿಂಗಳು ಅಂದರು. ಅದು ಏಳು ತಿಂಗಳಾಯಿತು. ದುಡ್ಡು ಬರುವ ತನಕ ಮನೆ ಖಾಲಿ ಮಾಡಲೂ ಭಯ, ಕೀ ಕೊಟ್ಟರೆ ಕೈಲಿದ್ದ ಒಂದೇ ಹಿಡಿತವೂ ಹೋದಂತೆ. ಕೊನೆಗೆ 2021ರ ಜುಲೈನಲ್ಲಿ ಮೂರು ಕಂತಿನಲ್ಲಿ ಕೊಟ್ಟರು. ಅಷ್ಟೂ ಬಂತು, ಸುಳ್ಳು ಹೇಳಬಾರದು. ನಲವತ್ತಮೂರು ತಿಂಗಳ ಬಾಡಿಗೆಯ ಉಳಿತಾಯ ನೋಡಿದರೆ ಈಗಲೂ ಕಾಗದದ ಮೇಲೆ ಭೋಗ್ಯವೇ ಗೆಲ್ಲುತ್ತದೆ. ಆ ಕಾಗದದಲ್ಲಿ ನನ್ನ ಬಿಪಿ ಮಾತ್ರೆಗೆ ಕಾಲಂ ಇಲ್ಲ ಅಷ್ಟೇ.

ಆ ಹೆದರಿಕೆಯೇ ನಮ್ಮನ್ನು ಮೂರನೆಯದಕ್ಕೆ ತಳ್ಳಿತು. "ಇನ್ನು ಯಾರ ಹಂಗೂ ಬೇಡ" ಅಂತ ಯಜಮಾನರೂ ನಾನೂ ಒಂದೇ ಉಸಿರಿಗೆ ತೀರ್ಮಾನಿಸಿದೆವು. ಹೆದರಿಕೊಂಡು ಮನೆ ಕೊಳ್ಳಬಾರದು ಅಂತ ಆಗ ಯಾರಾದರೂ ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ. 2021ರ ಆಗಸ್ಟಿನಲ್ಲಿ ನಾಗಸಂದ್ರದಾಚೆ 50 ಲಕ್ಷದ ಫ್ಲಾಟ್. ಸ್ವಾಧೀನಾನುಭವ ಪತ್ರ ಸಿಕ್ಕ ಕಟ್ಟಡವಾದ್ದರಿಂದ ಜಿಎಸ್‌ಟಿ ಇರಲಿಲ್ಲ. ಬ್ಯಾಂಕು ಕೊಟ್ಟದ್ದು 80 ಪರ್ಸೆಂಟು, 40 ಲಕ್ಷ. ಉಳಿದ 10 ಲಕ್ಷ ನಮ್ಮದು. ಅದರ ಮೇಲೆ ಮುದ್ರಾಂಕ ಶುಲ್ಕ, ಸೆಸ್ಸು, ನೋಂದಣಿ ಸೇರಿ ಆಗ 6.6 ಪರ್ಸೆಂಟ್, ಅಂದರೆ 3 ಲಕ್ಷ 30 ಸಾವಿರ. ಇದಕ್ಕೆ ಸಾಲ ಸಿಗುವುದಿಲ್ಲ, ಬಹಳ ಜನ ಇಲ್ಲೇ ಎಡವುವುದು. ಮಾವ ಆ ವರ್ಷದ ಕೊಬ್ಬರಿ ಮಾರಿದ ದುಡ್ಡು ಪೂರ್ತಿ ತಂದು ಕೊಟ್ಟರು.

ಬಡ್ಡಿ ಏಳು, ಅವಧಿ ಇಪ್ಪತ್ತು ವರ್ಷ, ಇಎಂಐ 31,012. ಆಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, 4 ಪರ್ಸೆಂಟ್ ಇತ್ತು, ನಮ್ಮ ಸಾಲ ಅದಕ್ಕೆ ಕಟ್ಟಿದ ಕರು. 2022ರ ಮೇಯಿಂದ ರಿಸರ್ವ್ ಬ್ಯಾಂಕು ಏರಿಸುತ್ತಾ ಹೋಗಿ 2023ರ ಫೆಬ್ರವರಿಗೆ 6.50ಕ್ಕೆ ತಂದಿತು. ನಮ್ಮ ಬಡ್ಡಿ ಒಂಬತ್ತೂವರೆಯಾಯಿತು. ಇಎಂಐ ಮಾತ್ರ ಅಷ್ಟೇ ಇತ್ತು! ಪರವಾಗಿಲ್ಲವೇ ಅಂದುಕೊಂಡಿದ್ದೆ. ಒಂದು ಸಂಜೆ ಸ್ಟೇಟ್‌ಮೆಂಟ್ ತೆರೆದು ನೋಡಿದರೆ 31 ಸಾವಿರದಲ್ಲಿ ಅಸಲಿಗೆ ಹೋಗುತ್ತಿದ್ದದ್ದು ಸಾವಿರ ರೂಪಾಯಿಯೂ ಅಲ್ಲ. ಬ್ಯಾಂಕು ಸದ್ದಿಲ್ಲದೆ ಅವಧಿಯನ್ನು ಹಿಗ್ಗಿಸುತ್ತಿತ್ತು. ಹಾಗೇ ಬಿಟ್ಟಿದ್ದರೆ ಸಾಲ ತೀರುವ ಹೊತ್ತಿಗೆ ನನಗೆ ಎಪ್ಪತ್ತು ದಾಟಿರುತ್ತಿತ್ತು. ಇಎಂಐ ಏರಿಸುವುದೋ, ಅವಧಿ ಏರಿಸುವುದೋ ಅಂತ ಸಾಲಗಾರರನ್ನು ಕೇಳಬೇಕು ಎಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂದದ್ದು 2023ರ ಆಗಸ್ಟಿನಲ್ಲಿ. ನಾವು ಇಎಂಐಯನ್ನು 37 ಸಾವಿರದ ಹತ್ತಿರಕ್ಕೆ ಏರಿಸಿಕೊಂಡೆವು. 2025ರಲ್ಲಿ ರೆಪೊ ಇಳಿದು ಜೂನ್ ಹೊತ್ತಿಗೆ 5.50ಕ್ಕೆ ಬಂದಾಗಲೂ ಇಎಂಐ ಇಳಿಸಿಕೊಳ್ಳಲಿಲ್ಲ. ಬೋನಸ್ ಬಂದರೆ ಅದನ್ನೂ ಅಸಲಿಗೇ ಹಾಕುತ್ತೇವೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡವಿಲ್ಲ.

2023ರಲ್ಲಿ ಎದುರಿನ ಫ್ಲಾಟ್ ಬಾಡಿಗೆಗೆ ಹೋದದ್ದು 18,000ಕ್ಕೆ. ಅದೇ ಅಳತೆ, ಅದೇ ಬಾಲ್ಕನಿ. ನಮಗೆ ಆಗ ಬಡ್ಡಿಯೇ ಮೂವತ್ತು ಸಾವಿರ, ಮೇಂಟೆನೆನ್ಸ್ 2,500, ಕೈಯಿಂದ ಹಾಕಿದ ಹದಿಮೂರು ಲಕ್ಷದ ಎಫ್‌ಡಿ ಬಡ್ಡಿ ಹೋದದ್ದು ಏಳೂವರೆ ಸಾವಿರ. ನಲವತ್ತು ಸಾವಿರ ಮತ್ತು ಹದಿನೆಂಟು ಸಾವಿರ. "ಮನೆ ಬೆಲೆ ಏರಿದೆಯಲ್ಲ" ಅನ್ನುತ್ತಾರೆ. ಏರಿದೆ. ಮಾರಿದರೆ ಹೋಗುವುದೆಲ್ಲಿಗೆ? ಅಲ್ಲಿಯೂ ಏರಿದೆ. ಇನ್ನು ಸ್ವಂತ ಮನೆಯಲ್ಲಿ ಓನರ್ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಅಸೋಸಿಯೇಷನ್ ಇದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸಿದಾಗ, ಮೂರು ಜನರ ಮನೆಯೂ ಆರು ಜನರ ಮನೆಯೂ ಸಮಾನ ಕೊಡಬೇಕೇ ಅಂತ ನಡೆದ ಸಭೆಯಲ್ಲಿ ದಾಸರಹಳ್ಳಿಯ ಆಂಟಿ ನೆನಪಾದರು.

ಧೈರ್ಯದ ಮಾತು ಬಾಕಿ ಉಳಿದಿತ್ತು. ನಮ್ಮ ಕಾರ್ಖಾನೆ ಡಾಬಸ್‌ಪೇಟೆಗೆ ಹೋಯಿತು. ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಹೊಸ ಮ್ಯಾನೇಜರು ನಾಲ್ಕು ಜನರ ಮುಂದೆ ಏರುದನಿಯಲ್ಲಿ ಮಾತಾಡುತ್ತಾರೆ. 2015ರಲ್ಲಾಗಿದ್ದರೆ ಅವತ್ತೇ ರಾಜೀನಾಮೆ ಬರೆಯುತ್ತಿದ್ದೆ. ಈಗ ಇಎಂಐ ಕಟ್ಟುವ ಐದನೇ ತಾರೀಖು ನೆನಪಾಗುತ್ತದೆ, ಸುಮ್ಮನಾಗುತ್ತೇನೆ.

ಹಾಗಂತ ಕೊಂಡದ್ದಕ್ಕೆ ಪಶ್ಚಾತ್ತಾಪವೇ? ಮಗಳು ಒಂದನೇ ಕ್ಲಾಸಿನಿಂದ ಒಂದೇ ಶಾಲೆಯಲ್ಲಿದ್ದಾಳೆ. ಅತ್ತೆ ಮಂಡಿ ಆಪರೇಷನ್ನಿಗೆ ಬಂದು ನಾಲ್ಕು ತಿಂಗಳಿದ್ದರು, ಯಾರೂ ನೀರಿನ ಲೆಕ್ಕ ಕೇಳಲಿಲ್ಲ. ಮದುವೆ ಫೋಟೋಗೆ ಮೊಳೆ ಸಿಕ್ಕಿತು. ರಾತ್ರಿ ಗೇಟು ಸದ್ದಾದರೆ ಮಗ್ಗುಲು ಬದಲಿಸಿ ಮಲಗುತ್ತೇನೆ. ಇವಕ್ಕೆ ತಿಂಗಳಿಗೆ ಇಪ್ಪತ್ತೆರಡು ಸಾವಿರ ಹೆಚ್ಚು ಕೊಡಬಹುದೇ? ಮಗಳು ಹುಟ್ಟುವ ಮುಂಚೆಯಾಗಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ಈಗ ಕೇಳಿದರೆ ಹೂಂ ಅನ್ನುತ್ತೇನೆ, ಆದರೆ ಡಾಬಸ್‌ಪೇಟೆ ಬಸ್ಸಿನಲ್ಲಿ ನಿಂತಿರುವಾಗ ಕೇಳಬೇಡಿ.

ತಂಗಿಗೆ ಅವತ್ತು ಫೋನಿನಲ್ಲಿ ಹೇಳಿದ್ದು ಇಷ್ಟು: "ಇನ್ನೂ ಎಲ್ಲಿ ಕೆಲಸ ನಿಲ್ಲುತ್ತೆ ಅನ್ನೋದೇ ಗೊತ್ತಿಲ್ಲ, ಲೋನ್ ಮಾತು ಬಿಡು. ಬಾಡಿಗೆಗೆ ಹೋಗು. ಲೀಸೇ ಬೇಕು ಅಂದ್ರೆ ಮೊದಲು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆಸು ಕಣೆ. ಪತ್ರ ಇಟ್ಟು ತಗೊಂಡ ಕೆಲವು ಸಾಲ ಅದರಲ್ಲಿ ಕಾಣಲ್ಲ, ಸೆರ್ಸಾಯಿ ಅಂತ ಇನ್ನೊಂದು ವೆಬ್‌ಸೈಟ್ ಇದೆ, ಸ್ವಲ್ಪ ಫೀಸ್ ಕಟ್ಟಿದರೆ ಅಲ್ಲಿ ಸಿಗುತ್ತೆ. ಕರಾರು ರಿಜಿಸ್ಟರ್ ಮಾಡ್ಸೋಕೆ ಓನರ್ ಒಪ್ಪದಿದ್ರೆ ಅಲ್ಲಿಂದ ಎದ್ದು ಬಾ."

ಗುರುವಾರ ಇಸಿ ವಾಟ್ಸಾಪಿನಲ್ಲಿ ಬಂತು. ಕೊನೆಯ ಸಾಲಿನಲ್ಲಿ ಒಂದು ಬ್ಯಾಂಕಿನ ಹೆಸರು, 62 ಲಕ್ಷ. ಅದರ ಕೆಳಗೆ ತಂಗಿಯ ಮೆಸೇಜು: "ಅಕ್ಕ, ಬಾಡಿಗೆ ಹದಿನಾರಕ್ಕೆ ಕೇಳ್ಲಾ?"