ಅಮೈನ್ ಪ್ರಾಥಮಿಕವೋ, ದ್ವಿತೀಯಕವೋ, ತೃತೀಯಕವೋ? ಮೂರು ಪರೀಕ್ಷೆಗಳ ಹೋಲಿಕೆ

ಅಮೈನ್ ಎಂದರೆ ನೈಟ್ರೋಜನ್‌ಗೆ ಕಾರ್ಬನ್ ಗುಂಪು ಅಂಟಿದ ಸಂಯುಕ್ತ; ಅಂಥ ಗುಂಪು ಒಂದಿದ್ದರೆ ಪ್ರಾಥಮಿಕ, ಎರಡಿದ್ದರೆ ದ್ವಿತೀಯಕ, ಮೂರಿದ್ದರೆ ತೃತೀಯಕ. ಹೋಲಿಕೆಗೆ ಮೂರು ಬಾಟಲಿ ಸಾಕು: ಅನಿಲೀನ್ (ಪ್ರಾಥಮಿಕ), ಎನ್-ಮೀಥೈಲ್ ಅನಿಲೀನ್ (ದ್ವಿತೀಯಕ), ಎನ್,ಎನ್-ಡೈಮೀಥೈಲ್ ಅನಿಲೀನ್ (ತೃತೀಯಕ). ಪಿಯುಸಿ ಪಠ್ಯದಲ್ಲಿ ಹಿನ್ಸ್‌ಬರ್ಗ್, ನೈಟ್ರಸ್ ಆಮ್ಲ, ಕಾರ್ಬಿಲಮೈನ್ ಎಂಬ ಮೂರೂ ಪರೀಕ್ಷೆಗಳಿವೆ. ಆದರೆ ಮೂರು ದರ್ಜೆಗಳನ್ನೂ ಒಂದೇ ಟ್ಯೂಬಿನಲ್ಲಿ ಬೇರ್ಪಡಿಸುವುದು ಹಿನ್ಸ್‌ಬರ್ಗ್ ಪರೀಕ್ಷೆಯೇ. ಹೆಚ್ಚು ಕೈಕೊಡುವುದೂ ಅದೇ.

ಹಿನ್ಸ್‌ಬರ್ಗ್‌ಗೆ ಬೇಕಾದದ್ದು: ಅಮೈನ್ 0.3 ಮಿ.ಲೀ., ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ 5 ಮಿ.ಲೀ., ಬೆಂಜೀನ್ ಸಲ್ಫೊನೈಲ್ ಕ್ಲೋರೈಡ್ 0.4 ಮಿ.ಲೀ. ಬಿರಡೆ ಹಾಕಿ 5ರಿಂದ 10 ನಿಮಿಷ ಜೋರಾಗಿ ಅಲುಗಿಸಿ. ದ್ರಾವಣ ಇನ್ನೂ ಕ್ಷಾರೀಯವಾಗಿದೆಯೇ ಎಂದು ಲಿಟ್ಮಸ್‌ನಲ್ಲಿ ನೋಡಿಕೊಳ್ಳಿ. ಅನಿಲೀನ್ ತಿಳಿಯಾಗಿ ಕರಗುತ್ತದೆ. ಆ ತಿಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ಬಿಳಿ ಒತ್ತರ (ದ್ರಾವಣದಿಂದ ಬೇರೆಯಾಗುವ ಘನ) ಬರಲೇಬೇಕು. ಅನಿಲೀನ್ ಮತ್ತು ಸಲ್ಫೊನೈಲ್ ಕ್ಲೋರೈಡ್ ಸೇರಿ ಆಗುವ ಸಲ್ಫೊನಮೈಡ್‌ನ ನೈಟ್ರೋಜನ್ ಮೇಲೆ ಒಂದು ಹೈಡ್ರೋಜನ್ ಉಳಿದಿದೆ, ಕ್ಷಾರ ಅದನ್ನು ಕಿತ್ತು ಲವಣ ಮಾಡುತ್ತದೆ. ಎನ್-ಮೀಥೈಲ್ ಅನಿಲೀನ್‌ನ ಸಲ್ಫೊನಮೈಡ್‌ನಲ್ಲಿ ಆ ಹೈಡ್ರೋಜನ್ ಇಲ್ಲ, ಹಾಗಾಗಿ ಒತ್ತರ ಕ್ಷಾರದಲ್ಲೂ ಕರಗದು, ಆಮ್ಲದಲ್ಲೂ ಕರಗದು. ತೃತೀಯಕ ಅಮೈನ್ ಎಣ್ಣೆಯಾಗಿಯೇ ಉಳಿದು, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುತ್ತದೆ.

ಎಣ್ಣೆ ಕಂಡ ಕೂಡಲೇ ತೃತೀಯಕ ಎಂದು ಬರೆಯಬೇಡಿ. ಮೇಲೆ ತೇಲುತ್ತಿದ್ದರೆ ಅಮೈನ್. ತಳದಲ್ಲಿ ಭಾರವಾಗಿ ಕೂತಿದ್ದರೆ ಅದು ಉಳಿದ ಸಲ್ಫೊನೈಲ್ ಕ್ಲೋರೈಡ್, ಇನ್ನಷ್ಟು ಅಲುಗಿಸಿ. ಕ್ಲೋರೈಡ್ ಹೆಚ್ಚಾದರೆ ಇನ್ನೊಂದು ಪೆಟ್ಟು: ಪ್ರಾಥಮಿಕ ಅಮೈನ್ ಎರಡು ಸಲ್ಫೊನೈಲ್ ಗುಂಪುಗಳನ್ನು ಹೊತ್ತು, ಕ್ಷಾರದಲ್ಲಿ ಕರಗದೆ ದ್ವಿತೀಯಕದ ವೇಷ ಹಾಕುತ್ತದೆ. ಸೈಕ್ಲೋಹೆಕ್ಸೈಲ್ ಅಮೈನ್ ಇದಕ್ಕಿಂತ ಸೂಕ್ಷ್ಮ ಪ್ರಕರಣ. ಅದರ ಲವಣಕ್ಕೇ ಕರಗುವಿಕೆ ಕಡಿಮೆ, ನೀರು ಸೇರಿಸಿ ನೋಡಿಯೇ ತೀರ್ಮಾನಿಸಬೇಕು. ಕಾರ್ಬಾಕ್ಸಿಲಿಕ್ ಗುಂಪಿರುವ ಅಮೈನ್ ಯಾವ ದರ್ಜೆಯದಾದರೂ ಕ್ಷಾರದಲ್ಲಿ ಕರಗುವುದರಿಂದ, ಅದಕ್ಕೆ ಈ ಪರೀಕ್ಷೆ ಹಿಡಿಸದು.

ನೈಟ್ರಸ್ ಆಮ್ಲದ ಪರೀಕ್ಷೆ ಬೇರೆ ಪ್ರಶ್ನೆಗೂ ಉತ್ತರ ಕೊಡುತ್ತದೆ: ಅಮೈನ್ ಅಲಿಫ್ಯಾಟಿಕ್ಕೋ, ಆರೊಮ್ಯಾಟಿಕ್ಕೋ (ಅಂದರೆ ನೈಟ್ರೋಜನ್ ನೇರವಾಗಿ ಬೆಂಜೀನ್ ಉಂಗುರಕ್ಕೆ ಅಂಟಿದೆಯೋ)? 0.3 ಮಿ.ಲೀ. ಅಮೈನ್, 1 ಮಿ.ಲೀ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ, 3 ಮಿ.ಲೀ. ನೀರು. ಐಸ್‌ನಲ್ಲಿಟ್ಟು 0ರಿಂದ 5 ಡಿಗ್ರಿಯಲ್ಲಿ ಶೇ. 10ರ ಸೋಡಿಯಂ ನೈಟ್ರೈಟ್ ಹನಿಹನಿಯಾಗಿ ಬಿಡಿ; ಸ್ಟಾರ್ಚ್-ಅಯೋಡೈಡ್ ಕಾಗದ ನೀಲಿಯಾದರೆ ನಿಲ್ಲಿಸಿ. ಅನಿಲೀನ್‌ನ ಟ್ಯೂಬ್ ಸುಮ್ಮನೆ ತಿಳಿಯಾಗಿರುತ್ತದೆ, ಕ್ಷಾರದಲ್ಲಿ ಕರಗಿಸಿದ ಬೀಟಾ-ನ್ಯಾಫ್ಥಾಲ್‌ಗೆ ಸುರಿದ ಕೂಡಲೇ ಕಿತ್ತಳೆ-ಕೆಂಪು ಬಣ್ಣ. ಅಲಿಫ್ಯಾಟಿಕ್ ಪ್ರಾಥಮಿಕವಾದರೆ ಐಸ್‌ನಲ್ಲೇ ಗುಳ್ಳೆ ಏಳುತ್ತದೆ. ಐಸ್ ಕರಗಿ ಟ್ಯೂಬ್ ಬಿಸಿಯಾದರೆ ಅನಿಲೀನ್ ಕೂಡ ಗುಳ್ಳೆ ಬಿಡುತ್ತದೆ, ಜೊತೆಗೆ ಫೀನಾಲ್ ವಾಸನೆ. ಈ ಪರೀಕ್ಷೆಯನ್ನು ತಪ್ಪು ಓದುವುದು ಹೆಚ್ಚಾಗಿ ಇಲ್ಲಿಯೇ. ದ್ವಿತೀಯಕದಿಂದ ಬರುವ ಹಳದಿ ಎಣ್ಣೆ ನೈಟ್ರೊಸಮೈನ್. ಈ ವರ್ಗದ ಹಲವು ಸಂಯುಕ್ತಗಳು ಕ್ಯಾನ್ಸರ್‌ಕಾರಕ, ಆದ್ದರಿಂದ ಹುಡ್ (ಆವಿ ಹೊರಗೆಳೆಯುವ ಗೂಡು) ಮತ್ತು ಗ್ಲೌಸ್ ಇಲ್ಲದೆ ಬೇಡ. ಡೈಮೀಥೈಲ್ ಅನಿಲೀನ್ ಕಿತ್ತಳೆ ಬಣ್ಣ ಕೊಟ್ಟು, ಕ್ಷಾರ ಹಾಕಿದಾಗ ಹಸಿರಾಗುತ್ತದೆ. ನೋಡಲು ಇದೇ ಚೆಂದ.

ಕಾರ್ಬಿಲಮೈನ್ ಪರೀಕ್ಷೆ ಪ್ರಾಥಮಿಕವೋ ಅಲ್ಲವೋ ಎಂದಷ್ಟೇ ಹೇಳುತ್ತದೆ. 2 ಹನಿ ಅಮೈನ್, 3 ಹನಿ ಕ್ಲೋರೋಫಾರ್ಮ್, 2 ಮಿ.ಲೀ. ಆಲ್ಕೊಹಾಲಿಕ್ ಪೊಟ್ಯಾಶ್ (ಆಲ್ಕೊಹಾಲ್‌ನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್), ತುಸು ಬಿಸಿ: ಪ್ರಾಥಮಿಕವಾದರೆ ಐಸೊಸಯನೈಡ್ ಹುಟ್ಟಿ ಸಹಿಸಲಾಗದ ನಾತ. ತೀರಾ ಸೂಕ್ಷ್ಮವಾದ ಪರೀಕ್ಷೆಯಾದ್ದರಿಂದ, ಮೀಥೈಲ್ ಅನಿಲೀನ್‌ನಲ್ಲಿ ಚೂರು ಅನಿಲೀನ್ ಬೆರೆತಿದ್ದರೂ ನಾರುತ್ತದೆ. ಮೂಗನ್ನು ಟ್ಯೂಬಿಗೆ ಒಡ್ಡಬೇಡಿ, ಕೈಯಿಂದ ಬೀಸಿಕೊಂಡರೆ ಸಾಕು. ಸಿಂಕಿಗೆ ಸುರಿಯದೆ, ಟ್ಯೂಬ್ ತಣಿದ ಮೇಲೆ ಹುಡ್‌ನಲ್ಲೇ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ, ಧಾರಾಳವಾಗಿ ಹಾಕಿ ಐಸೊಸಯನೈಡ್ ನಾಶಮಾಡಿ.