ಕಿವಿಗೆ ಫೋನೋ, ವೈರಿನ ಇಯರ್‌ಫೋನೋ, ಬ್ಲೂಟೂತೋ?

ಮಿದುಳಿಗೆ ತಾಗುವ ವಿಕಿರಣ ಕಡಿಮೆಯಾಗಬೇಕೆಂದರೆ ಮೊದಲು ನೋಡಬೇಕಾದ್ದು ದೂರ. ಫೋನನ್ನು ಕಿವಿಗೇ ಒತ್ತಿ ಹಿಡಿದರೆ ಆಂಟೆನಾ ತಲೆಗೆ ಅಂಟಿಕೊಂಡಂತೆಯೇ. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 200 ಮಿಲಿವ್ಯಾಟ್. ಬ್ಲೂಟೂತ್ ಇಯರ್‌ಬಡ್‌ನದು ಸಾಮಾನ್ಯವಾಗಿ 10ರೊಳಗೆ. ವೈರಿನದು ಇನ್ನೂ ವಾಸಿ, ಆದರೆ ಫೋನು ಅಂಗಿ ಜೇಬಿನ ಬದಲು ಮೇಜಿನ ಮೇಲಿರಲಿ. ಸ್ಪೀಕರ್ ಕೂಡ ಅಷ್ಟೇ ಒಳ್ಳೆಯದು; ಬನಹಟ್ಟಿಯ ಪವರ್‌ಲೂಮ್ ಸದ್ದಿನಲ್ಲಿ ಕೇಳಿಸಬೇಕಲ್ಲ!

ಇದಕ್ಕಿಂತ ದೊಡ್ಡ ವ್ಯತ್ಯಾಸ ಸಿಗ್ನಲ್‌ನದು. ಬೆಳಗಾವಿ ಪೇಟೆಯಲ್ಲಿ ಕಡ್ಡಿ ತುಂಬಿದ್ದಾಗ ಫೋನು ಮೆಲ್ಲಗೆ ಪಿಸುಗುಡುತ್ತದೆ. ಖಾನಾಪುರದ ಕಾಡಿನಲ್ಲಿ ಒಂದೇ ಕಡ್ಡಿಗೆ ಇಳಿದರೆ ಟವರ್ ಮುಟ್ಟಲು ಪೂರ್ತಿ ಶಕ್ತಿ ಹಾಕುತ್ತದೆ. ತಗಡಿನ ಶೆಡ್ಡಿನೊಳಗೂ ಇದೇ ಪಾಡು. ಅಂಗಳಕ್ಕೆ ಬಂದು ಮಾತಾಡಿ.

ಹೊಸ ಫೋನು ಕೊಳ್ಳುವಾಗ *#07# ಒತ್ತಿದರೆ ಎಸ್‌ಎಆರ್, ಅಂದರೆ ಫೋನಿನ ವಿಕಿರಣವನ್ನು ಮೈ ಹೀರಿಕೊಳ್ಳುವ ಪ್ರಮಾಣ, ಕಾಣುತ್ತದೆ. ಭಾರತದ ಮಿತಿ ಕೆಜಿಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಅದು ಪೂರ್ತಿ ಶಕ್ತಿಯಲ್ಲಿ ಅಳೆದದ್ದು, ಹಾಗಾಗಿ 0.8ಕ್ಕೂ 1.1ಕ್ಕೂ ನಡುವೆ ತಲೆಕೆಡಿಸಿಕೊಂಡು ಹೆಚ್ಚು ದುಡ್ಡು ಕೊಡಬೇಕಿಲ್ಲ.

2011ರಲ್ಲಿ ಅಮೆರಿಕದ ಒಂದು ಅಧ್ಯಯನ, 50 ನಿಮಿಷದ ಕರೆಯಲ್ಲಿ ಆಂಟೆನಾ ಪಕ್ಕದ ಮಿದುಳಿನ ಭಾಗ ಸುಮಾರು 7% ಹೆಚ್ಚು ಗ್ಲೂಕೋಸ್ ಬಳಸಿದ್ದನ್ನು ಕಂಡಿತು. ಅದರಿಂದ ಹಾನಿಯೆಂದು ಸಾಬೀತಾಗಿಲ್ಲ. ನೆನಪು, ಗಮನ ಕೆಡುವುದಕ್ಕೆ ದಿಂಬಿನ ಪಕ್ಕ ರಾತ್ರಿಯಿಡೀ ಟಿಂಗ್ ಎನ್ನುವ ವಾಟ್ಸ್‌ಆಪ್ಪೇ ಸಾಕು: ನಿದ್ದೆಗೆಟ್ಟ ಮಿದುಳು ಮರುದಿನ ಮಂಕು. ಮಲಗುವಾಗ ಫೋನು ಪಡಸಾಲೆಯಲ್ಲೇ ಚಾರ್ಜಾಗಲಿ.