ಗುಳಿಗೆ ಬರೆಯುವ ಮೊದಲು ಕೇಳುವ ದವಾಖಾನೆ

ರಾಯಚೂರಿನ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಹಿರಿಯ ವೈದ್ಯೆಯೊಬ್ಬರು ನಡೆಸುವ ಚಿಕ್ಕ ದವಾಖಾನೆಗೆ 76 ವರ್ಷದ ನನ್ನ ತಾಯಿಯನ್ನು ಕಳೆದ ಬೇಸಿಗೆಯಿಂದ ಕರೆದೊಯ್ಯುತ್ತಿದ್ದೇನೆ. ವಯಸ್ಸಾದವರು ಇರುವ ಮನೆಗಳಿಗೆ ಉಪಯೋಗವಾದೀತೆಂದು ಅಲ್ಲಿನ ಅನುಭವವನ್ನು ಬರೆಯುತ್ತಿದ್ದೇನೆ.

ತಾಯಿಗೆ ಉರಿಮೂತ್ರ ಶುರುವಾದಾಗ ನಾನು ವೈದ್ಯರ ಚೀಟಿಯಿಲ್ಲದೆ ಔಷಧ ಅಂಗಡಿಯೊಂದರಿಂದ ಲಿವೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಗುಳಿಗೆ ತಂದುಕೊಟ್ಟೆ. 2014ರಿಂದ ಜಾರಿಯಲ್ಲಿರುವ ಸರ್ಕಾರದ ಎಚ್1 ಪಟ್ಟಿಯ ಈ ಔಷಧವನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ ವಿವರದ ದಾಖಲೆಯನ್ನು ಅಂಗಡಿಯವರು 3 ವರ್ಷ ಇಟ್ಟುಕೊಳ್ಳಬೇಕು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಮರುದಿನ ಸಂಜೆ ತಾಯಿ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲತೊಡಗಿದರು. ರಕ್ತದ ಸಕ್ಕರೆ 52ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ ಈ ದವಾಖಾನೆಗೆ ಧಾವಿಸಿದೆವು.

"ಅವ್ವಾರ, ದಿನಾ ನುಂಗೋ ಗುಳಿಗಿ ಎಲ್ಲಾ ತಂದೀರೇನ್ರಿ?" ಎಂಬುದು ವೈದ್ಯೆಯ ಮೊದಲ ಪ್ರಶ್ನೆ. ಮಧುಮೇಹಕ್ಕೆ ತಾಯಿ ನುಂಗುತ್ತಿದ್ದ ಗ್ಲಿಮೆಪಿರೈಡ್ ಜೊತೆಗೆ ಲಿವೋಫ್ಲಾಕ್ಸಾಸಿನ್ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದೆಂದೂ, 60 ದಾಟಿದವರಲ್ಲಿ ಈ ಔಷಧದಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಸಂಭವ ಹೆಚ್ಚೆಂದೂ ನನಗೆ ತಿಳಿಯುವಂತೆ ವಿವರಿಸಿದರು. ಎರಡು ತಾಸು ಅಲ್ಲಿಯೇ ಮಲಗಿಸಿ ಮತ್ತೆ ಮತ್ತೆ ಸಕ್ಕರೆ ಪರೀಕ್ಷಿಸಿದರು. ವಯಸ್ಸಾದಂತೆ ಮೂತ್ರಪಿಂಡಗಳು ಔಷಧವನ್ನು ಹೊರಹಾಕುವುದು ನಿಧಾನವಾಗುವುದರಿಂದ ಮೂತ್ರಪಿಂಡ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಆ್ಯಂಟಿಬಯೋಟಿಕ್ ಆರಿಸುವುದಿಲ್ಲವೆಂದು ಹೇಳಿ, ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಮೂತ್ರದ ಕಲ್ಚರ್‌ಗೂ ಬರೆದುಕೊಟ್ಟರು. ಕ್ರಿಯಾಟಿನಿನ್ ಸರಿಯಿದ್ದುದರಿಂದ 5 ದಿನಗಳ ನೈಟ್ರೊಫ್ಯುರಾಂಟೊಯಿನ್ ಕೊಟ್ಟು, ಊಟದೊಂದಿಗೆ ನುಂಗಬೇಕು, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಹೆದರಬಾರದು ಎಂದರು. ಮೂರನೆಯ ದಿನ ಬಂದ ಕಲ್ಚರ್ ವರದಿಯೂ ಅದೇ ಔಷಧ ತಕ್ಕುದೆಂದು ತೋರಿಸಿತು. ಅಷ್ಟರಲ್ಲಿ ಉರಿ ಬಹುತೇಕ ಇಳಿದಿತ್ತು.

ಕೊರತೆಗಳೂ ಇವೆ. ಸಂಜೆ ಒಂದೂವರೆ ತಾಸು ಕಾಯಬೇಕಾಗುತ್ತದೆ, ಪ್ರಯೋಗಾಲಯ ಬೇರೆಡೆ ಇದೆ. ಮಂಡಿನೋವಿನವರೇ ಹೆಚ್ಚಾಗಿ ಬರುವ ಈ ಜಾಗದ ಮೆಟ್ಟಿಲುಗಳಿಗೆ ಹಿಡಿಕೆಯಿಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎರಡು ತಿಂಗಳ ನಂತರ ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಮೂತ್ರದಲ್ಲಿ ಮತ್ತೆ ಬ್ಯಾಕ್ಟೀರಿಯಾ ಕಂಡಿತು. ಗಾಬರಿಯಿಂದ ವರದಿ ಹಿಡಿದುಕೊಂಡು ಹೋದೆ. ಉರಿ, ಜ್ವರ, ಹೊಟ್ಟೆನೋವು ಇವೆಯೇ ಎಂದು ತಾಯಿಯನ್ನೇ ಒಂದೊಂದಾಗಿ ಕೇಳಿದ ವೈದ್ಯೆ, ಯಾವ ತೊಂದರೆಯೂ ಇಲ್ಲದಿದ್ದಾಗ ವಯಸ್ಸಾದ ಹೆಂಗಸರಲ್ಲಿ ಹೀಗೆ ಕಾಣುವುದು ಸಾಮಾನ್ಯವೆಂದು ತಿಳಿಸಿ, ಒಂದು ಗುಳಿಗೆಯನ್ನೂ ಬರೆಯದೆ ನಮ್ಮನ್ನು ಮನೆಗೆ ಕಳುಹಿಸಿದರು.